ಏಳು ಇಪ್ಪತ್ತರ ಲಾಂಚು

ಮನೆಯಿಂದ,
ಡಿಸೆಂಬರ್ ೩೦, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಕ್ರಿಸ್‌ಮಸ್‌ಗೂ ರಜೆ ಕೊಡದ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಕೂರಿಸುವ ಕೆಲಸವನ್ನೆಲ್ಲ ನಿನ್ನ ತಲೆಗೇ ಕಟ್ಟುತ್ತಾರೆಂದು ನೀನು ಬರೆದಿದ್ದೆ. ಉಳಿದ ನರ್ಸುಗಳಿಗೇನು ಕೈಯಿಲ್ಲವೇ? ರಾತ್ರಿ ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮ ಚೆನ್ನಾಗಿದ್ದಾಳೆ, ದಿನಕ್ಕೆ ನಾಲ್ಕು ಸಲ ನಿನ್ನ ಹೆಸರೆತ್ತುತ್ತಾಳೆ. ನನ್ನ ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ.

ಕಾರಣ ಒಬ್ಬ ಮನುಷ್ಯ. ಅಕ್ಟೋಬರಿನಲ್ಲಿ ಒಂದು ದಿನ ನಾನು ಎಂದಿನಂತೆ ಏಳು ಇಪ್ಪತ್ತರ ಲಾಂಚು ಹತ್ತಿದರೆ, ಹನ್ನೊಂದು ವರ್ಷದಿಂದ ನಾನು ಕೂರುವ ಕಿಟಕಿಯ ಸೀಟಿನಲ್ಲಿ ಕಂಬಳಿ ಸುತ್ತಿದ ಉದ್ದನೆಯ ಗಂಟೊಂದು ಮಲಗಿತ್ತು. ಪಕ್ಕದಲ್ಲಿ ಅದರ ಮಾಲೀಕ, ನಲವತ್ತರ ಆಸುಪಾಸಿನವನು, ಬಾಣಂತಿಯನ್ನು ಕಾಯುವಂತೆ ಕೂತಿದ್ದ. ತೆಗೆಯಿರಿ ಎಂದೆ. ಅದಕ್ಕೆ ಪೆಟ್ಟಾಗಬಾರದು, ನೀವೇ ಸ್ವಲ್ಪ ಆಚೆ ಕೂರುತ್ತೀರಾ ಎಂದು ಅಷ್ಟೇ ವಿನಯದಿಂದ ಕೇಳಿದ. ಆಚೆ ಕಡೆಯ ಚರ್ಚಿನಲ್ಲಿ ಹಳೆಯ ಆರ್ಗನ್ ಇದೆಯಲ್ಲ, ಅದರ ರಿಪೇರಿಗೆ ಬಂದವನಂತೆ. ಗಂಟಿನೊಳಗೆ ಅದರ ಕೊಳವೆ, ಗಾಳಿ ಹೊಕ್ಕರೆ ಸ್ವರ ಹೊರಡುವಂಥದು. ದಿನಕ್ಕೊಂದು ಕೊಳವೆಯನ್ನು ಈ ದಡದ ಕಾರ್ಖಾನೆಗೆ ತರುವುದು, ಸರಿಮಾಡಿ ಒಯ್ಯುವುದು. ಅದನ್ನಾದರೂ ಸಹಿಸಬಹುದಿತ್ತು. ನೀರು ದಾಟುವ ಇಪ್ಪತ್ತೈದು ನಿಮಿಷವೂ ಒಂದೇ ಸ್ವರ ಹಿಡಿದು ಗುನುಗುತ್ತಿದ್ದ. ನಿಲ್ಲಿಸಿ ಎಂದರೆ, ನಿಮ್ಮ ಲಾಂಚಿನ ಎಂಜಿನ್ ಸ್ವಲ್ಪ ಇಳಿಸ್ವರದಲ್ಲಿದೆ ಎಂದ. ಲಾಂಚೇನು ನನ್ನ ಮಾವನ ಮನೆಯದೇ?

ನಾನು ಆತನಿಗೆ ಕೊಳವೆ ಎಂದೇ ಹೆಸರಿಟ್ಟೆ. ನಮ್ಮ ಎದುರು ಬೆಂಚಿನ ನಿವೃತ್ತ ಟೀಚರಮ್ಮ ಒಂದೇ ದಾಟುವಿಕೆಯಲ್ಲಿ ಆತನ ಸಂಬಳ, ವಯಸ್ಸು, ಮದುವೆಯಾಗಿಲ್ಲದಿರುವುದು ಎಲ್ಲವನ್ನೂ ಕೆದಕಿ ತೆಗೆದರು. ಮಾರನೆಯ ದಿನದಿಂದ ತಮ್ಮ ಉಣ್ಣೆಯ ಹೆಣಿಗೆ ಸಾಮಾನನ್ನು ಉಳಿದ ಜಾಗಗಳಲ್ಲೆಲ್ಲ ಹರಡಿಕೊಂಡು, ನನಗೆ ಆತನ ಪಕ್ಕ ಬಿಟ್ಟು ಬೇರೆ ಗತಿಯಿಲ್ಲದಂತೆ ಮಾಡಿದರು. ನವೆಂಬರಿನಲ್ಲಿ ಒಮ್ಮೆ ಲಾಂಚು ದಡಕ್ಕೆ ತಾಗಿದ ಹೊಡೆತಕ್ಕೆ ನನ್ನ ಡಬ್ಬಿ ಬಿದ್ದು, ಆಚೆ ದಡದ ದಂತವೈದ್ಯರಿಗಾಗಿ ನಾನು ಮೂರು ದಿನ ಕೂತು ಮಾಡಿ ಉಜ್ಜಿದ್ದ ಹಲ್ಲುಸೆಟ್ಟು ಬೆಂಚಿನಡಿಗೆ ಜಾರಿತು. ಆತ ಮಂಡಿಯೂರಿ ಅದನ್ನು ಕರವಸ್ತ್ರದಲ್ಲಿ ಎತ್ತಿಕೊಟ್ಟು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ಇವರು ತುಂಬಾ ನಗೋ ಜನ ಅಂತ ಕಾಣುತ್ತೆ" ಅಂದ. ನಗು ತಡೆಯಲು ಕಿಟಕಿಯಾಚೆ ನೋಡಿದೆ. ಆಮೇಲೆ ಮಾತು ಶುರುವಾಯಿತು, ನಿಲ್ಲಲಿಲ್ಲ. ಆತ ಎಂದು ಬರೆಯುತ್ತಿದ್ದವಳಿಗೆ ಇನ್ನು ಇವರು ಎನ್ನದೆ ವಿಧಿಯಿಲ್ಲ.

ಇಪ್ಪತ್ನಾಲ್ಕನೇ ತಾರೀಕಿನದು ಕೇಳು. ಚರ್ಚಿನ ಹಾಡುಗಾರರ ಗುರುಗಳ ಮೇಲ್ಸಾಲಿನ ಹಲ್ಲು ನನ್ನ ಡಬ್ಬಿಯಲ್ಲಿತ್ತು, ಮಧ್ಯಾಹ್ನ ಅವರು ಹಾಡಬೇಕು. ಆರ್ಗನ್ನಿನ ಕೊನೆಯ ಕೊಳವೆ ಇವರ ಮಡಿಲಲ್ಲಿತ್ತು. ಹಲ್ಲಿಲ್ಲದೆ ಗುರುಗಳ ಬಾಯಿಂದ ಗಾಳಿ ಸೋರುತ್ತದೆ, ನನ್ನ ಆರ್ಗನ್ನಿಗೂ ಅದೇ ಕಾಯಿಲೆ, ನಾವಿಬ್ಬರೂ ಒಂದೇ ರೋಗದ ವೈದ್ಯರು ಎಂದು ಇವರು ನಗುತ್ತಿದ್ದಾಗ ಮಂಜು ಇಳಿಯಿತು. ಎಂಥ ಮಂಜೆಂದರೆ ಟೀಚರಮ್ಮನ ಸೂಜಿ ಟೀಚರಮ್ಮನಿಗೇ ಕಾಣದು. ಲಾಂಚಿನವನು ನಡುನೀರಿನಲ್ಲಿ ಲಂಗರು ಹಾಕಿದ. ಒಂದು ಗಂಟೆ ಕಳೆಯಿತು, ಇನ್ನೊಂದೂ ಕಳೆಯಿತು. ಯಾರೋ ಕಿತ್ತಳೆ ಹಂಚಿದರು, ಎರಡು ವರ್ಷದಿಂದ ಮುಖ ನೋಡಿಯೂ ಮಾತಾಡದವರು ಪರಸ್ಪರ ಮಕ್ಕಳ ಸಂಖ್ಯೆ ಕೇಳಿಕೊಂಡರು. ಅಷ್ಟರಲ್ಲಿ ಎಲ್ಲಿಂದಲೋ ದೊಡ್ಡ ಎಂಜಿನ್ನಿನ ಸದ್ದು ನಮ್ಮತ್ತಲೇ ಬರತೊಡಗಿತು. ಲಾಂಚಿನವನು ಹಾರನ್ ಒತ್ತಿದರೆ ಅದು ಕೆಮ್ಮಿ ಸುಮ್ಮನಾಯಿತು. ಇವರು ಎದ್ದು ಕಂಬಳಿ ಬಿಚ್ಚಿ, ಕೊಳವೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿ ಹಿಡ್ಕೊಳ್ಳಿ, ಬಿಡಬೇಡಿ" ಎಂದು ಇನ್ನೊಂದು ತುದಿಗೆ ಬಾಯಿಟ್ಟು ಊದಿದರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವ ತನಕ ಊದಿದರು. ಕೊಳವೆಯ ನಡುಕ ನನ್ನ ಮೊಣಕೈಯವರೆಗೆ ಹತ್ತಿತು. ಕೊನೆಗೆ ಆಚೆಯಿಂದ ಒಂದು ಹಾರನ್ ಉತ್ತರ ಕೊಟ್ಟಿತು. ಮರಳು ಸಾಗಿಸುವ ದೋಣಿ, ಹತ್ತು ಮಾರು ದೂರದಲ್ಲಿ ಪಕ್ಕಕ್ಕೆ ತಿರುಗಿತು.

ಎಲ್ಲರೂ ಉಸಿರುಬಿಟ್ಟರು. ಇವರು ನನ್ನ ಪಕ್ಕ ಕುಸಿದು ಕೂತು, ಬೆವರೊರೆಸಿಕೊಳ್ಳುತ್ತ, "ಇವತ್ತಿಗೆ ನನ್ನ ಕೆಲಸ ಮುಗೀತು. ನಾಳೆಯಿಂದ ಈ ಲಾಂಚಿಗೆ ಬರೋದಿಲ್ಲ" ಅಂದರು. ಅದಕ್ಕೆ ನಾನೇನು ಹೇಳಿದೆ ಗೊತ್ತೇ? "ಒಳ್ಳೇದಾಯ್ತು, ನನ್ನ ಸೀಟು ನನಗೆ ಸಿಗುತ್ತೆ." ಮೂವತ್ತಾರು ವರ್ಷ ಬಾಳಿ ಕಲಿತದ್ದು ಇಷ್ಟು. ಇವರು ತಲೆಯಾಡಿಸಿ ಕೊಳವೆಗೆ ಮತ್ತೆ ಕಂಬಳಿ ಸುತ್ತಿದರು. ಟೀಚರಮ್ಮ ನನ್ನನ್ನು ನೋಡಿದ ನೋಟಕ್ಕೆ ಶಾಲೆಯಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದೆ.

ಹನ್ನೊಂದಕ್ಕೆ ಮಂಜು ಹರಿದು ದಡ ಸೇರಿದೆವು. ಗುರುಗಳಿಗೆ ಹಲ್ಲು ಕೂತಿತು, ಹಾಡು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನಾನು ಕೊನೆಯ ಸಾಲಿನಲ್ಲಿ ನಿಂತಿದ್ದೆ, ಇವರು ಆರ್ಗನ್ನಿನ ಹಿಂದೆಲ್ಲೋ ಇದ್ದರು, ಕಾಣಲೇ ಇಲ್ಲ. ಮನೆಗೆ ಬಂದು ಸುಮ್ಮಸುಮ್ಮನೆ ಅಮ್ಮನ ಮೇಲೆ ರೇಗಿದೆ. ಹಬ್ಬದ ದಿನವಿಡೀ ಮುಸುಡಿ ಊದಿಸಿಕೊಂಡು ಪಾತ್ರೆ ಕುಕ್ಕಿದೆ. ಇಪ್ಪತ್ತಾರರಂದು ಲಾಂಚು ಹತ್ತಿದರೆ, ಕೊಳವೆಯಿಲ್ಲದೆ, ಉಪಕರಣದ ಪೆಟ್ಟಿಗೆಯೂ ಇಲ್ಲದೆ, ಬರಿಗೈಯಲ್ಲಿ ಕೂತಿದ್ದಾರೆ ಮಹಾರಾಯರು. ಕಿಟಕಿಯ ಸೀಟನ್ನು ಮಾತ್ರ ಖಾಲಿ ಬಿಟ್ಟಿದ್ದರು. ಆಚೆ ದಡದಲ್ಲಿ ಏನು ಕೆಲಸ ಎಂದೆ. ಏನೂ ಇಲ್ಲವಂತೆ. ನನ್ನ ಜೊತೆ ದಾಟಿ, ಮುಂದಿನ ಲಾಂಚಿಗೆ ವಾಪಸಾಗುತ್ತಾರೆ. ಶನಿವಾರವೂ ಅದೇ, ನಿನ್ನೆಯೂ ಅದೇ. ದುಡಿಯುವ ಗಂಡಸು ಹೀಗೆ ಅತ್ತಿಂದಿತ್ತ ಓಡಾಡುವುದು ಯಾವ ನ್ಯಾಯ, ಜನ ಏನೆಂದುಕೊಂಡಾರು ಎಂದು ಬೈದರೆ, ತಪ್ಪು ಒಪ್ಪಿಕೊಂಡವರಂತೆ ತಲೆತಗ್ಗಿಸುತ್ತಾರೆ. ಬೆಳಗಾದರೆ ಮತ್ತೆ ಅಲ್ಲೇ. ಇಂಥವರ ಜೊತೆ ಹೇಗೆ ಏಗುವುದು ನೀನೇ ಹೇಳು.

ಅಂಚೆ ಹೊರಡುವ ಹೊತ್ತಾಯಿತು. ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆ ಹಿಂಡಿ ಚಿಕ್ಕಮ್ಮ ಕೇಳಿದಳೆಂದು ಹೇಳು. ಭಾರ ಎತ್ತಬೇಡ.

ನಿನ್ನ ತಂಗಿ

ಮರೆತಿದ್ದೆ: ಇವತ್ತು ಬೆಳಿಗ್ಗೆ ಆಚೆ ದಡದ ಮೆಟ್ಟಿಲ ಮೇಲೆ ಇವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ಮನೆಗೆ ಹಿರಿಯಳು ಅಕ್ಕ ಇದ್ದಾಳೆ, ಅವಳನ್ನು ಕೇಳಿ ಹೇಳುತ್ತೇನೆ ಎಂದು ಬಿಗುವಿನಿಂದ ಹೊರಟೆ. ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ತಡೆಯಲಾಗದೆ ಇಳಿದು ಬಂದು ಆಗಲಿ ಎಂದುಬಿಟ್ಟೆ. ಆದ್ದರಿಂದ ನಿನ್ನನ್ನು ಕೇಳುವುದು ಹೆಸರಿಗಷ್ಟೇ, ಕ್ಷಮಿಸು. ಟೀಚರಮ್ಮ ಎಲ್ಲವನ್ನೂ ನೋಡಿದ್ದಾರೆ, ಈ ವಿಷಯ ಮಾತಾಡಲು ಭಾನುವಾರ ಮನೆಗೆ ಬರುತ್ತಾರಂತೆ. ಅದಕ್ಕೆ ಮೊದಲು ಅಮ್ಮನಿಗೆ ನೀನೇ ಹೇಳಬೇಕು, ನನಗೆ ಧೈರ್ಯ ಸಾಲದು.