ಗಂಡನ ಕೋಟು

ಕೆಬೆಕ್, ಜನವರಿ ೧೮೪೨

ಪೂಜ್ಯ ಫಾದರ್ ಅನ್ಸೆಲ್ಮ್ ಅವರಿಗೆ ಫಿಲೊಮೆನ್ ಮಾಡುವ ವಂದನೆಗಳು.

ಏಳು ವರ್ಷ ಈಸ್ಟರ್ ಹಬ್ಬದ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸದವನು ತೋಳನಾಗುತ್ತಾನೆಂದು ಇಗರ್ಜಿಯಲ್ಲಿ ಹೇಳಿ, ನನ್ನ ಗಂಡನನ್ನು ಗಿರಣಿಯಲ್ಲಿ ಸರಪಳಿಯಿಂದ ಕಟ್ಟಿಸಿದಿರಿ. “ಏನೇ, ನಿನ್ನ ಗಂಡನಿಗೆ ಬಾಲ ಬಂತಾ?” ಅಂತ ಹೆಂಗಸರು ನಗುತ್ತಾರೆ.

ಅವನು ಅಲ್ಲಿ ಸರಪಳಿಯಲ್ಲಿದ್ದಾಗಲೇ, ನಿನ್ನೆ ಮುಸ್ಸಂಜೆ ನಮ್ಮ ಕುರಿಕೊಟ್ಟಿಗೆಗೆ ತೋಳ ನುಗ್ಗಿತು. ಕುಡುಗೋಲು ಬೀಸಿದೆ. ರಕ್ತ ಬಿದ್ದರೆ ತೋಳ ಮತ್ತೆ ಮನುಷ್ಯನಾಗುತ್ತದೆ ಅನ್ನುವುದು ನಿಜ, ಫಾದರ್. ಹಿಮದಲ್ಲಿ ಬೆತ್ತಲೆಯಾಗಿ ನಡುಗುತ್ತಿದ್ದವರಿಗೆ ನನ್ನ ಗಂಡನ ಕೋಟು ಹೊದಿಸಿ ಕಳಿಸಿದೆ.

ರಕ್ತ ಹರಿಸಿದವಳು ವರ್ಷವಿಡೀ ಆ ಮನುಷ್ಯನ ಹೆಸರೆತ್ತಬಾರದು, ಎತ್ತಿದರೆ ತೋಳ ಮರಳುತ್ತದೆ ಅನ್ನುವುದು ನಮ್ಮ ಹಿರಿಯರ ಕಟ್ಟಳೆ. ನಾನು ಬಾಯಿ ಬಿಡುವುದಿಲ್ಲ.

ಇವತ್ತೇ ನನ್ನ ಗಂಡನ ಸರಪಳಿ ಬಿಚ್ಚಿಸಿ. ಹೊರಗೆ ಬಹಳ ಚಳಿ. ಅವನ ಕೋಟನ್ನು ಅವನಿಗೆ ವಾಪಸ್ ಕೊಟ್ಟು ಕಳಿಸಿ.

ಇಂತಿ,
ಫಿಲೊಮೆನ್