ಅಜ್ಜನ ತಲೆಕೆಳಗಿನ ಕೆರೆ

ಅಕ್ಕಾ,

ಯುದ್ಧದಲ್ಲಿ ಸೈನಿಕರು ನಮ್ಮ ಗೋಡೆಯಿಂದ ಹೊತ್ತೊಯ್ದ ಕೆರೆಯ ಚಿತ್ರ ಇಲ್ಲೊಂದು ಹರಾಜು ಮಳಿಗೆಯಲ್ಲಿ ಸಿಕ್ಕಿತು! ಇವರು ನೆಟ್ಟಗೆ ತೂಗುಹಾಕಿದ್ದರಿಂದ ಮೊದಲು ಗುರುತೇ ಹತ್ತಲಿಲ್ಲ. ಬಗ್ಗಿ, ಕಾಲ ಸಂದಿಯಿಂದ ನೋಡಿದೆ. ನಮ್ಮದೇ! ಇಲ್ಲಿ ಕಳವು ಎನ್ನಬಾರದಂತೆ, ‘ಕೈ ಬದಲಾಯಿತು’ ಎನ್ನಬೇಕಂತೆ. ಯಾವ ಕೈಯಲ್ಲಿ ಬಂದೂಕಿತ್ತೆಂದು ಮಾತ್ರ ಯಾರೂ ಕೇಳುವುದಿಲ್ಲ.

ಚೌಕಟ್ಟಿನ ಕೆಳಗಂಚಿನಲ್ಲಿ ಅಜ್ಜ ತಿರುಪಿದ ಕೊಕ್ಕೆಗಳು ಹಾಗೇ ಇವೆ. ಮಳಿಗೆಯ ಪಂಡಿತ ಅವನ್ನೇ ತೋರಿಸಿ, “ಇದು ಕಲಾವಿದರ ಗೂಢ ಸಂಕೇತ ಸಾರ್” ಎಂದು ಬೆಲೆ ಏರಿಸುತ್ತಿದ್ದ.

“ಸಂಕೇತ ಅಲ್ಲಪ್ಪಾ, ನೀರಲ್ಲಿ ಕಾಣೋ ಮರಾನೇ ನಿಜವಾದ ಮರ ಅಂದ್ಕೊಂಡು ನಮ್ಮಜ್ಜ ತಲೆಕೆಳಗೆ ನೇತುಹಾಕಿದ್ರು” ಎಂದೆ.

“ಅಷ್ಟು ದಡ್ಡರು ಎಲ್ಲಿರ್ತಾರೆ ಸಾರ್? ಸಾಕ್ಷಿ ತನ್ನಿ.”

ನೀನು ಅಜ್ಜನ ತೊಡೆಯೇರಿ ಕೂತ ಫೋಟೊ ಇದೆಯಲ್ಲ, ಹಿಂದೆ ಗೋಡೆಯಲ್ಲಿ ಕೆರೆ ಮಗುಚಿಕೊಂಡಿರುವುದು, ಮಾನ ಹೋದೀತೆಂದು ಅಮ್ಮ ಬೀರುವಿನಲ್ಲಿ ಬಚ್ಚಿಟ್ಟದ್ದು? ತಕ್ಷಣ ಕಳಿಸು. ಮುಂದಿನ ತಿಂಗಳು ಹರಾಜು. ಇನ್ನೊಮ್ಮೆ ಕೈ ಬದಲಾದರೆ ನಮ್ಮ ಕೈಗೆ ಸಿಗದು.

ಆರೋಗ್ಯ ಚೆನ್ನಾಗಿದೆ, ಬಗ್ಗಿ ನೋಡಿದ್ದಕ್ಕೆ ಕುತ್ತಿಗೆ ಹಿಡಿದಿದೆ. ಮನೆತನದ ದಡ್ಡತನಕ್ಕೆ ಸಾಕ್ಷಿಯಾಗಿ ನಾನೇ ಎದುರು ನಿಂತಿದ್ದೆ. ಆದರೂ ಸಾಲದಂತೆ!

ನಿನ್ನ ತಮ್ಮ