ನಮ್ಮ ನಲ್ಲಿಗೆ ಒಂದು ಉದ್ದಹೆಜ್ಜೆ

ಜಲಮಂಡಳಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮಗೆ ಸರಾಸರಿ ತೆಗೆಯಲು ಬರುವುದಿಲ್ಲ. ಮಕ್ಕಳಿಗೆ ಗಣಿತ ಕಲಿಸುತ್ತಲೇ ಮುದುಕಿಯಾದವಳು ನಾನು. ಈ ಮಾತನ್ನು ಸಿಟ್ಟಿಗಿಂತ ಹೆಚ್ಚಾಗಿ ದುಃಖದಿಂದ ಬರೆಯುತ್ತಿದ್ದೇನೆ. ಊರಿನ ಹಳೆಯ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷ ಲೀಟರಿಗೆ ಹದಿನಾರು ಮೈಕ್ರೋಗ್ರಾಂ, ಹೊಸದರಲ್ಲಿ ನಾಲ್ಕು. ಎರಡನ್ನೂ ಬೆರೆಸಿ ಬಿಡುವುದರಿಂದ ಸರಾಸರಿ ಹತ್ತು. ಕಾನೂನಿನ ಮಿತಿಯೂ ಹತ್ತೇ. ನಾಗರಿಕರು ನಿಶ್ಚಿಂತೆಯಿಂದ ಕುಡಿಯಬಹುದು ಎಂದು ನಿಮ್ಮ ಕಚೇರಿ ಪ್ರಕಟಣೆ ಅಂಟಿಸಿತು. ಅದರ ಕೆಳಗೇ, ಹಳೆಯ ಬಾವಿಯಿಂದ ಎರಡು ಪಾಲು ನೀರು, ಹೊಸದರಿಂದ ಒಂದು ಪಾಲು ಎಂದೂ ಇತ್ತು. ಬರೆದವರು ಅದನ್ನು ಓದಲಿಲ್ಲವೇ?

ನನ್ನ ಗಂಡ ವೆಂಡೆಲ್ ಓದಿದ. ರೈಲು ನಿಲ್ದಾಣದೆದುರಿನ ವೈನ್ ಅಂಗಡಿ ಅವನದು. ವೈನಿಗೆ ಸೋಡಾ ಬೆರೆಸಿದ ಫ್ರೊಚ್ ನೀವೂ ಕುಡಿದವರೇ, ಆದರೂ ನೆನಪಿಸುತ್ತೇನೆ. ಸಮಸಮ ಬೆರೆಸಿದರೆ ಚಿಕ್ಕ ಫ್ರೊಚ್. ಎರಡು ಪಾಲು ವೈನು, ಒಂದು ಪಾಲು ಸೋಡಾ ಆದರೆ ದೊಡ್ಡ ಫ್ರೊಚ್. ಒಂದು ಪಾಲು ವೈನಿಗೆ ಎರಡು ಪಾಲು ಸೋಡಾ ಹಾಕಿದರೆ ಉದ್ದಹೆಜ್ಜೆ. ಪಾಲು ಬದಲಾದರೆ ಹೆಸರೂ ಬದಲಾಗುತ್ತದೆ ಎಂಬುದು ಇಲ್ಲಿ ಕುಡುಕರಿಗೂ ಗೊತ್ತು.

ಪ್ರಕಟಣೆ ಬಂದ ದಿನ ರೈಲ್ವೆಯಲ್ಲಿದ್ದ ನಮ್ಮ ದೆಜೊ ಅಂಗಡಿಯಲ್ಲಿ ಕೂತು ಹೇಳಿದ, “ನೀರನ್ನೂ ಫ್ರೊಚ್ ಮಾಡಿಬಿಟ್ರಲ್ಲಪ್ಪ. ದೊಡ್ಡೋರು ಬೆರೆಸಿದ್ದು, ಸರಿಯಾಗೇ ಇರುತ್ತೆ ಬಿಡು.”

“ಎಲ್ಲಿ ಸರಿ? ಸುರಿಯೋದು ದೊಡ್ಡ ಫ್ರೊಚ್, ಹೆಸರು ಹೇಳೋದು ಚಿಕ್ಕದು. ನಾನು ಹಂಗೆ ಮಾಡಿದ್ರೆ ಬಿಡ್ತಿದ್ಯಾ?” ಎಂದ ವೆಂಡೆಲ್.

“ವೈನ್ ಜಾಸ್ತಿ ಬಂದ್ರೆ ಯಾವ ಹುಚ್ಚ ಜಗಳ ಆಡ್ತಾನೆ ಮಾರಾಯ?”

ಅಂಗಡಿಯೆಲ್ಲ ನಕ್ಕಿತು. ವೆಂಡೆಲ್ ನಗಲಿಲ್ಲ. “ಇಲ್ಲಿ ಜಾಸ್ತಿ ಬರ್ತಿರೋದು ವೈನಲ್ಲ ಕಣೋ,” ಎಂದ.

ಹದಿನಾರು ಎರಡು ಸಲ, ನಾಲ್ಕು ಒಂದು ಸಲ; ಒಟ್ಟು ಮೂವತ್ತಾರು. ಮೂರು ಪಾಲಿಗೆ ಹಂಚಿದರೆ ಹನ್ನೆರಡು, ಹತ್ತಲ್ಲ. ಇದನ್ನು ನಿಮಗೆ ಬರೆದು ಕಳಿಸಿದೆ. ‘ಸರಾಸರಿಯನ್ನು ನಿಯಮಾನುಸಾರ ತೆಗೆಯಲಾಗಿದೆ’ ಎಂದು ತಿಪ್ಪೆ ಸಾರಿಸಿದಿರಿ. ಎರಡು ಅಂಕಿ ಕಂಡ ಕೂಡಲೇ ಕೂಡಿಸಿ ಎರಡರಿಂದ ಭಾಗಿಸಿಬಿಡುವುದು ಯಾವ ನಿಯಮ ಸ್ವಾಮಿ?

ಆ ಹೊತ್ತಿಗೆ ವೈದ್ಯರು ವೆಂಡೆಲ್‌ಗೆ ವೈನ್ ಬಿಡಿಸಿ, ನೀರು ಚೆನ್ನಾಗಿ ಕುಡಿಯಿರಿ ಎಂದಿದ್ದರು. ವಿಧೇಯನಾಗಿ ಹೂಜಿಗಟ್ಟಲೆ ಕುಡಿದ. ನಾನು ಬಾಟಲಿ ನೀರು ತಂದಿಟ್ಟರೆ ಮುಟ್ಟಲಿಲ್ಲ. “ಊರೋರಿಗೆಲ್ಲ ನಲ್ಲಿ ನೀರು, ನಂಗೊಬ್ಬನಿಗೆ ಬಾಟ್ಲಿನಾ? ಗಿರಾಕಿಗಳ ಮುಖ ಹೆಂಗೆ ನೋಡ್ಲಿ, ಎತೆಲ್ಕಾ?” ಎಂದ. ಹೋದ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಮೂತ್ರಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ನೀರಿನಿಂದಲೇ ಎಂದು ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದು ಗೋಡೆಗೆ ಅಂಟಿಸುವ ಅಭ್ಯಾಸ ನನಗಿಲ್ಲ. ಅವನಿಲ್ಲದ ಮನೆಯಲ್ಲಿ ಹೂಜಿ ತುಂಬಿಸಲು ಕೈ ಬರುವುದಿಲ್ಲ, ಅಷ್ಟೇ.

ಶಿಶುವಿಹಾರದ ಮಕ್ಕಳು ಇಂದಿಗೂ ಅದೇ ನಲ್ಲಿಗೆ ಬಾಯಿ ಒಡ್ಡುತ್ತಾರೆ. ಅವರಿಗಾಗಿ ಒಂದು ಲೆಕ್ಕ ಮಾಡಿ. ಎಡಗಡೆ ಮೇಲೆ ಹದಿನಾರು, ಕೆಳಗೆ ನಾಲ್ಕು, ನಡುವೆ ನಮಗೆ ಬೇಕಾದ, ಮಿತಿಗಿಂತ ಕೆಳಗಿನ ಎಂಟು ಬರೆಯಿರಿ. ಓರೆಯಾಗಿ, ದೊಡ್ಡದರಿಂದ ಚಿಕ್ಕದನ್ನು ಕಳೆದು ಬಲಗಡೆ ಬರೆಯಿರಿ: ಹದಿನಾರರ ಎದುರಿಗೆ ನಾಲ್ಕು ಬರುತ್ತದೆ, ನಾಲ್ಕರ ಎದುರಿಗೆ ಎಂಟು. ಅಂದರೆ ಹಳೆಯ ಬಾವಿಯಿಂದ ಒಂದು ಪಾಲು, ಹೊಸದರಿಂದ ಎರಡು. ಹೊಸ ಬಾವಿಗೆ ಕರೆಂಟು ಹೆಚ್ಚು ಬೇಕಂತೆ, ಬೇಕಾಗಲಿ. ಶಾಲೆ ತೆರೆಯುವ ಮುಂಚೆ ಎರಡು ಬಾವಿಗಳ ನೀರು ಬೆರೆಸುವ ಆ ಕವಾಟ ತಿರುಗಿಸಿ, ನಮಗೆ ಉದ್ದಹೆಜ್ಜೆ ಕೊಡಿ. ವೆಂಡೆಲ್‌ನ ಅಂಗಡಿಯಲ್ಲಿ ಅದನ್ನು ಕೇಳುತ್ತಿದ್ದವರು, ಇನ್ನೂ ಬಹಳ ದೂರ ನಡೆಯಬೇಕಾದವರು. ಈ ಮಕ್ಕಳೂ ಹಾಗೆಯೇ.

ಇಂತಿ,
ಎರಡು ಕುರ್ಚಿಯ ಮನೆಯಲ್ಲಿ, ನಿಮ್ಮ ಸರಾಸರಿಯ ಪ್ರಕಾರ ಕುರ್ಚಿಗೆ ಅರ್ಧ ಆಳಿನಂತೆ ಉಳಿದಿರುವ
ಎತೆಲ್ಕಾ, ನಿವೃತ್ತ ಗಣಿತ ಶಿಕ್ಷಕಿ